ಮಗುಚಿಟ್ಟ ಮೇಜಿನೊಳಗೆ ಗುಂಡಿ

ಇಪ್ಪತ್ತೆರಡು ವರ್ಷ ಶಾಲೆಯ ವ್ಯಾನು ಓಡಿಸಿದ ಆ ಮನುಷ್ಯನನ್ನು ಮಕ್ಕಳು ಆಮೆ ಮಾಮ ಎಂದೇ ಕರೆಯುತ್ತಿದ್ದರು. ಸೈಕಲ್ಲಿನವರು ಕೂಡ ಅವನ ವ್ಯಾನನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಹಿಂದಿನ ಸೀಟಿನ ತುಂಟರು, "ಮಾಮ, ನಾವು ಇಳಿದು ತಳ್ಳೋಣ್ವಾ?" ಎಂದು ಕೂಗಿದರೆ ಅವನು ಕನ್ನಡಿಯಲ್ಲೇ ಅವರತ್ತ ನೋಡಿ, "ತಳ್ಳಿ ತಳ್ಳಿ, ತಿಂಡಿ ಡಬ್ಬಿ ಮಾತ್ರ ಇಲ್ಲೇ ಬಿಟ್ಟು ಇಳೀರಿ" ಎನ್ನುತ್ತಿದ್ದ. ಅಪ್ಪ ಅಮ್ಮಂದಿರಿಗೆ ಬೇಕಾಗಿದ್ದುದು ಆ ನಿಧಾನವೇ. ಮಕ್ಕಳನ್ನು ಅವನ ಕೈಗೊಪ್ಪಿಸಿ ನಿಶ್ಚಿಂತೆಯಾಗಿ ಕೆಲಸಕ್ಕೆ ಹೋಗುತ್ತಿದ್ದರು. ಅಷ್ಟು ವರ್ಷದಲ್ಲಿ ವ್ಯಾನಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಬಾನೆಟ್ಟಿನ ಮೇಲೆ ಎರಡು ಸಲ ಬಡಿದು, ಬಗ್ಗಿ ಕೆಳಗೆ ನೋಡುವುದು ಅವನ ರೂಢಿ. ಅದಕ್ಕೆ ಕಾರಣ ಗುಂಡಿ. ಕಂದು ಮೈಯ, ಒಂದು ಕಿವಿ ನಿಮಿರಿದ, ಒಂದು ಕಿವಿ ಜೋತುಬಿದ್ದ ಹೆಣ್ಣುನಾಯಿ ಅದು. ಮಗಳು ಹನ್ನೊಂದು ವರ್ಷದವಳಿದ್ದಾಗ ಚರಂಡಿಯಿಂದ ಎತ್ತಿಕೊಂಡು ಬಂದಿದ್ದಳು. ಬಂದ ವಾರದಲ್ಲೇ ಮನೆಯವರ ಅಂಗಿಗಳ ಗುಂಡಿಗಳನ್ನೆಲ್ಲ ಕಚ್ಚಿ ಕಿತ್ತುಹಾಕಿ, ತನ್ನ ಹೆಸರನ್ನು ತಾನೇ ಸಂಪಾದಿಸಿಕೊಂಡಿತ್ತು. ಒಂಬತ್ತು ವರ್ಷ ಅದು ಮಲಗಿದ್ದು ವ್ಯಾನಿನ ಕೆಳಗೇ. ಬಾನೆಟ್ಟು ಬಡಿದರೆ ಮೈಮುರಿಯುತ್ತ ಎದ್ದು ಈಚೆ ಬರುತ್ತಿತ್ತು.

ಆ ದಿನ ಬೆಳಿಗ್ಗೆ ಫೋನು ಬಂತು. ಒಬ್ಬ ಹುಡುಗಿಯ ತಾಯಿ, ಹಿಂದಿನ ದಿನ ವ್ಯಾನು ತಡವಾದದ್ದಕ್ಕೆ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, "ಹೌದಮ್ಮ, ತಪ್ಪಾಯ್ತಮ್ಮ" ಎನ್ನುತ್ತಲೇ ಅವನು ಹತ್ತಿ ಕೂತ. ಕೀಲಿ ತಿರುಗಿಸಿದ. ಹಿಂದಕ್ಕೆ ತೆಗೆದ. ಬಾನೆಟ್ಟು ಬಡಿಯಲಿಲ್ಲ ಎನ್ನುವುದು ನೆನಪಾದದ್ದೂ, ಹಿಂದಿನ ಗಾಲಿ ಯಾವುದರ ಮೇಲೋ ಏರಿ ಇಳಿದದ್ದೂ, ಆ ಕೂಗು ಕೇಳಿದ್ದೂ ಒಟ್ಟಿಗೇ.

ಇಳಿದು ನೋಡಿದ. ಗುಂಡಿಯ ಮುಂಭಾಗ ಏಳಲು ಹೆಣಗುತ್ತಿತ್ತು, ಹಿಂಭಾಗ ಬೇರೆ ಯಾರದೋ ಎನ್ನುವಂತೆ ಬಿದ್ದಿತ್ತು. ಅದನ್ನು ಎರಡೂ ತೋಳಲ್ಲಿ ಬಾಚಿ ಎತ್ತಿಕೊಂಡು ಅವನು ರಸ್ತೆಗೆ ಓಡಿದ. ವ್ಯಾನು ಪಕ್ಕದಲ್ಲೇ ಇದ್ದರೂ ಅದರೊಳಗೆ ಮತ್ತೆ ಹತ್ತಲು ಅವನ ಮನಸ್ಸು ಒಪ್ಪಲಿಲ್ಲ. ನಡುರಸ್ತೆಯಲ್ಲಿ ನಿಂತು ಸಿಕ್ಕ ಗಾಡಿಗಳಿಗೆಲ್ಲ ಕೂಗುತ್ತಿದ್ದಾಗ ಮಗಳು ಹಲ್ಲುಜ್ಜುವ ಬ್ರಷ್ಷು ಹಿಡಿದುಕೊಂಡೇ ಓಡಿಬಂದಳು.

"ಅಪ್ಪ! ಯಾರಪ್ಪ? ಯಾವ ಗಾಡಿಯವನು ಹೊಡೆದ?"

ಮಗಳ ಪ್ರಶ್ನೆಯಲ್ಲೇ ಉತ್ತರ ಸಿದ್ಧವಾಗಿತ್ತು. ಅವನು ಅದನ್ನು ಎತ್ತಿಕೊಂಡನಷ್ಟೇ.

"ನೋಡ್ಲಿಲ್ಲ ಮಗಳೇ. ಹೊಡ್ದು... ಹೋಗ್ಬಿಟ್ಟ."

ಆಸ್ಪತ್ರೆಯಲ್ಲಿ ಐದು ಗಂಟೆ ಹಿಡಿಯಿತು. ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು, ಬಲ ತೊಡೆಯ ಮೂಳೆ ಒಂದು ಕಡೆ. ನಾಯಿಯ ಡಾಕ್ಟರು ಎತ್ತರದ ಹೆಂಗಸು, ಮಾತು ಕಡಿಮೆ. ಟೋಪಿ ತೆಗೆಯುತ್ತ ಈಚೆ ಬಂದು, ಒಳಗೆ ತಗಡು, ಸರಳು ಕೂರಿಸಿದ್ದಾಗಿ ಹೇಳಿದರು.

"ಜೀವಕ್ಕೇನೂ ಭಯ ಇಲ್ಲ. ಮೂಳೆ ಕೂಡುತ್ತೆ. ಆದ್ರೆ ಬಲಗಾಲಿನ ನರದ ಬಗ್ಗೆ ಈಗ್ಲೇ ಏನೂ ಹೇಳಕ್ಕಾಗಲ್ಲ. ಅಂದ ಹಾಗೆ, ಎತ್ಕೊಂಡು ಬಂದಿದ್ದು ಯಾರು?"

"ನಾನೇ ಮೇಡಂ."

"ಹಾಗೆ ತೋಳಲ್ಲಿ ಎತ್ತಬಾರದಿತ್ತು. ಹಲಗೆ ಮೇಲೆ ಮಲಗಿಸಿ ತರಬೇಕಿತ್ತು. ಗಾಬರೀಲಿ ಎಲ್ರೂ ಮಾಡೋ ತಪ್ಪೇ ಬಿಡಿ."

ಆ 'ಬಿಡಿ' ಎನ್ನುವ ಮಾತು ಅವನಿಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಮೂರನೆಯ ದಿನ ಗುಂಡಿಯನ್ನು ಮನೆಗೆ ಕರೆತಂದರು. ಆರು ವಾರ ಅದು ನಡೆಯಬಾರದು, ನೆಗೆಯಬಾರದು, ಮಂಚದಷ್ಟು ಜಾಗದಲ್ಲೇ ಇರಬೇಕು. ಇದ್ದದ್ದು ಎರಡು ಕೋಣೆಯ ಬಾಡಿಗೆ ಮನೆ. ಮಗಳ ಅಮ್ಮ ಒಂದು ಗಳಿಗೆ ನಿಂತು ಯೋಚಿಸಿ, ಊಟದ ಮೇಜನ್ನು ತಲೆಕೆಳಗು ಮಾಡಲು ಹೇಳಿದಳು. ಮೇಲಕ್ಕೆ ನಿಂತ ನಾಲ್ಕು ಕಾಲಿಗೂ ಸೊಳ್ಳೆಪರದೆಯ ಹಳೆಯ ಬಲೆ ಸುತ್ತಿದರು. ಒಳಗೆ ಹಾಸಿಗೆ, ಅದರ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಬಿಳಿಯ ದುಪ್ಪಟಿ. ಅಮ್ಮ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಯಾರೂ ಕೇಳಿಕೊಂಡು ಬರದೆ ಉಳಿದ ದುಪ್ಪಟಿಗಳು ಅಲ್ಲಿ ಬೇಕಾದಷ್ಟಿದ್ದವು. ಮೇಜು ನಾಯಿಗೆ ಬಿಟ್ಟುಕೊಟ್ಟು ಮೂವರೂ ನೆಲದ ಮೇಲೆ ಕೂತು ಉಂಡರು.

ಆಮೆ ಮಾಮ ಎರಡು ವಾರ ರಜೆ ಹಾಕಿದ. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಿಗ್ಗೆ ಹೊರಡುವ ಮುಂಚೆ, ಸಂಜೆ ಬಂದ ಮೇಲೆ ಅವಳ ಪಾಳಿ. ಹಗಲೆಲ್ಲ ಅವನದು. ನೋವಿನ ಮಾತ್ರೆ ಮೂರು ಸಲ, ಇನ್ನೊಂದು ಮಾತ್ರೆ ಎರಡು ಸಲ. ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಮೈ ಹುಣ್ಣಾಗುತ್ತದೆ. ತೊಡೆಯ ಮೇಲೆ ಗೇಣುದ್ದದ ಹೊಲಿಗೆ. ಕೂದಲು ಬೋಳಿಸಿದ ಆ ಜಾಗದ ಚರ್ಮ, ಗುಲಾಬಿ ಬಣ್ಣಕ್ಕಿದ್ದು, ನೋಡಲು ನಾಚಿಕೆಯಾಗುವಷ್ಟು ಬೆತ್ತಲೆ. ಹೊಲಿಗೆ ನೆಕ್ಕದಂತೆ ಕೊರಳಿಗೆ ಪ್ಲಾಸ್ಟಿಕ್ಕಿನ, ಆಲಿಕೆಯಂಥ ದೊಡ್ಡ ಕೊಳವೆ. ಗುಂಡಿ ತಲೆ ತಿರುಗಿಸಿದಾಗಲೆಲ್ಲ ಅದು ಮೇಜಿನ ಕಾಲಿಗೆ ಟಕ್ಕೆಂದು ಬಡಿಯುತ್ತಿತ್ತು.

ಎಲ್ಲಕ್ಕಿಂತ ಕಷ್ಟದ ಕೆಲಸ ಮೂತ್ರದ್ದು. ಮೊದಲ ಹತ್ತು ದಿನ ಅದು ತಾನಾಗಿ ಆಗುತ್ತಿರಲಿಲ್ಲ. ಕೆಳಹೊಟ್ಟೆಯನ್ನು ಎರಡೂ ಕಡೆಯಿಂದ ಅಂಗೈಯಲ್ಲಿ ಹಿಡಿದು, ಮೆಲ್ಲನೆ ಒತ್ತಿ ಹೊರಗೆ ತರಿಸಬೇಕು. ಹೆಚ್ಚು ಒತ್ತಿದರೆ ಅಪಾಯ, ಕಡಿಮೆಯಾದರೆ ಸೋಂಕು. ಮಗಳು ಪ್ರಯತ್ನಪಟ್ಟು ಅತ್ತುಬಿಟ್ಟಳು. ಸ್ಟಿಯರಿಂಗು ಹಿಡಿದು ದಡ್ಡುಗಟ್ಟಿದ ಅವನ ಕೈಗೆ ಮಾತ್ರ ಅದು ಎರಡೇ ದಿನದಲ್ಲಿ ಒಲಿಯಿತು. ಹೊಲಿಗೆ ನೋಡಲು ಬಂದ ಡಾಕ್ಟರು, "ಇಷ್ಟು ದೊಡ್ಡ ಕೈಯಲ್ಲಿ ಇಷ್ಟು ಹಗುರ! ನಮ್ಮಲ್ಲಿ ಕೆಲಸಕ್ಕೆ ಬಂದ್ಬಿಡಿ" ಎಂದರು. ಅಪರೂಪಕ್ಕೆ ಅವರು ನಕ್ಕಿದ್ದರು. ಮಗಳೂ ನಕ್ಕಳು. ಅವನು ಕೈ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ತುಂಬ ಹೊತ್ತು ನಿಂತ.

ಗುಂಡಿಗೆ ಅವನ ಮೇಲೆ ಭಯವಾಗಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತೋ ಏನೋ. ಅದಕ್ಕೆ ಭಯವಿರಲಿಲ್ಲ. ಅವನು ಬಂದರೆ ಬಾಲದ ತುದಿ ಆಡಿಸುತ್ತಿತ್ತು. ಅವನು ಮಾತ್ರೆ ಬಾಯೊಳಗೆ ತುರುಕಿದ ಮೇಲೂ ಕೊಳವೆಯೊಳಗಿಂದ ನಾಲಿಗೆ ಚಾಚಿ ಅವನ ಮಣಿಕಟ್ಟು ನೆಕ್ಕುತ್ತಿತ್ತು. "ಬೇಡ ಕಣೇ, ಬೇಡ" ಎಂದು ಅವನು ಕೈ ಎಳೆದುಕೊಳ್ಳುತ್ತಿದ್ದ.

ಮಗಳು ದಿನವೂ ಆ ಗಾಡಿಯವನಿಗೆ ಶಾಪ ಹಾಕುತ್ತಿದ್ದಳು. ಹೊಲಿಗೆ ಒರೆಸುತ್ತ, ದುಪ್ಪಟಿ ಬದಲಿಸುತ್ತ, ಕೆಲಸದ ಜೊತೆಗೇ ಅದೂ ನಡೆಯುತ್ತಿತ್ತು.

"ಅವನ ಎರಡೂ ಕಾಲು ಹೀಗೇ ಮುರಿದು ಬೀಳ್ಬೇಕು. ಬಿದ್ದ ಕಡೆ ಬಾಯಿಗೆ ನೀರು ಬಿಡೋರೂ ಇರ್ಬಾರ್ದು. ನಿಲ್ಸಿ ನೋಡ್ಲೂ ಇಲ್ವಲ್ಲ ಅಪ್ಪ, ಎಂಥ ಮನುಷ್ಯ ಇರ್ಬೇಕು ಅವನು?"

"ಗಾಬರಿ ಆಗಿರ್ಬೇಕು," ಎಂದ ಅವನು ಒಮ್ಮೆ. ಗುಂಡಿಗೆ ಕುಡಿಸಲು ನೀರಿನ ಬಟ್ಟಲು ಹಿಡಿದಿದ್ದ.

"ಯಾರ ಪರ ವಹಿಸ್ತಿದೀಯ ನೀನು?"

ಅವನು ಬಟ್ಟಲನ್ನು ಗುಂಡಿಯ ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಒಳಗೆ ಸರಿದಳು. ಅವಳಿಗೆ ಗೊತ್ತಿತ್ತು. ಆಪರೇಷನ್ ಆದ ದಿನ ಸಂಜೆ, ವ್ಯಾನು ತೊಳೆಯುವ ಭಾನುವಾರವಲ್ಲದಿದ್ದರೂ, ಅವನು ಬಕೆಟ್ಟು ಬ್ರಷ್ಷು ಹಿಡಿದು ಹಿಂದಿನ ಗಾಲಿ ಒಂದನ್ನೇ ಉಜ್ಜುತ್ತಿದ್ದುದನ್ನು ಅವಳು ಕಂಡಿದ್ದಳು. ಹತ್ತಿರ ಬಂದು, ನೆಲದ ಮೇಲೆ ಹರಿಯುತ್ತಿದ್ದ ನೀರಿನ ಬಣ್ಣ ನೋಡಿ, "ಸೋಪು ಬೇಕೇನ್ರೀ?" ಎಂದು ಕೇಳಿದ್ದಳು. ತಂದುಕೊಟ್ಟು ಹೋಗಿದ್ದಳು. ಆ ವಿಷಯ ಇಬ್ಬರ ನಡುವೆ ಮತ್ತೆ ಬಂದಿರಲಿಲ್ಲ.

ರಜೆ ಮುಗಿದು ಅವನು ಕೆಲಸಕ್ಕೆ ಹೋಗತೊಡಗಿದ. ಈಗ ಬಾನೆಟ್ಟು ಐದು ಸಲ, ಹತ್ತು ಸಲ ಬಡಿಯುತ್ತಿದ್ದ. ಕೆಳಗೆ ಬರೀ ನೆಲ ಎಂದು ಗೊತ್ತಿದ್ದೂ ಮಂಡಿಯೂರಿ ನೋಡುತ್ತಿದ್ದ. ಹಿಂದಕ್ಕೆ ತೆಗೆಯುವಾಗ ಗೇರಿನ ಮೇಲಿಟ್ಟ ಕೈ ನಡುಗುತ್ತಿತ್ತು.

ಮೂರನೆಯ ವಾರದ ಕೊನೆಯಲ್ಲಿ, ಶನಿವಾರ ಸಂಜೆ, ಮಗಳು ಉತ್ಸಾಹದಿಂದ ಮನೆಗೆ ಬಂದಳು.

"ಎದುರುಗಡೆ ಔಷಧಿ ಅಂಗಡಿಗೆ ಕ್ಯಾಮೆರಾ ಇದೆ ಕಣಮ್ಮ! ಇಷ್ಟು ದಿನ ನನ್ನ ಬುದ್ಧಿ ಎಲ್ಲಿಗೆ ಹೋಗಿತ್ತೋ. ರಸ್ತೆ, ನಮ್ಮ ಗೇಟು, ಎಲ್ಲಾ ಕಾಣೋ ಹಾಗೇ ಇಟ್ಟಿದಾರೆ. ಅಂಗಡಿಯವರು ಊರಲ್ಲಿಲ್ವಂತೆ, ಸೋಮವಾರ ಬರ್ತಾರೆ. ಗಾಡಿ ನಂಬರ್ ಸಿಕ್ರೆ ನಾನು ಸುಮ್ನೆ ಬಿಡಲ್ಲ."

ಅಮ್ಮ ಗಂಡನ ಮುಖ ನೋಡಿದಳು. ಅವನು ತಟ್ಟೆಯ ಅಂಚನ್ನೇ ನೋಡುತ್ತಿದ್ದ.

ಭಾನುವಾರ ಬೆಳಿಗ್ಗೆಯಿಂದ ಅವನ ತಲೆಯಲ್ಲಿ ಒಂದೇ ವಿಚಾರ ಕೊರೆಯುತ್ತಿತ್ತು. ಅಂಗಡಿಯವನು ಪರಿಚಯದವನೇ. ಅವನ ಮೊಮ್ಮಗಳು ಇದೇ ವ್ಯಾನಿನಲ್ಲಿ ಶಾಲೆಗೆ ಹೋಗುತ್ತಾಳೆ. ಮುಂಚೆಯೇ ಒಂದು ಮಾತು ಹೇಳಿಟ್ಟರೆ ಅಳಿಸಿಹಾಕದೆ ಇರುತ್ತಾನೆಯೇ? ಫೋನಿನಲ್ಲಿ ಅವನ ನಂಬರು ತೆಗೆದು ನೋಡಿದ, ಮುಚ್ಚಿದ, ಮತ್ತೆ ತೆಗೆದ. ಅಷ್ಟರಲ್ಲಿ ತನ್ನ ಮೇಲೆಯೇ ಹೇಸಿಗೆ ಹುಟ್ಟಿ ಫೋನನ್ನು ಮಂಚದ ಮೇಲೆ ಎಸೆದ.

ಮಧ್ಯಾಹ್ನ ಗುಂಡಿಯ ಕಾಲಿಗೆ ವ್ಯಾಯಾಮ. ಬಲಗಾಲನ್ನು ಹತ್ತು ಸಲ ಮೆಲ್ಲನೆ ಮಡಿಸಿ ಬಿಚ್ಚಬೇಕು. ಅವನು ಮಡಿಸುತ್ತಿದ್ದ. ಮಗಳು ಗುಂಡಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎಣಿಸುತ್ತಿದ್ದಳು. ಏಳು ಎಂದಾಗ ಅವನ ಕೈ ನಿಂತಿತು.

"ಆ ಕ್ಯಾಮೆರಾ ನೋಡೋಕೆ ಹೋಗ್ಬೇಡ ಮಗಳೇ."

"ಯಾಕೆ?"

"ಅದ್ರಲ್ಲಿ ನಮ್ಮ ವ್ಯಾನೇ ಇರುತ್ತೆ."

"ಇರುತ್ತೆ. ಗೇಟಲ್ಲಿ ನಿಂತಿರುತ್ತೆ. ಅದಕ್ಕೇನೀಗ?"

"ನಿಂತಿರಲ್ಲ."

ಅರ್ಥವಾದದ್ದು ಮೊದಲು ಅವಳ ಕೈಗೆ. ಗುಂಡಿಯ ಕಿವಿ ಸವರುತ್ತಿದ್ದ ಬೆರಳುಗಳು ಅಲ್ಲೇ ನಿಂತವು. ಅವನು ಫೋನಿನಿಂದ ಹಿಡಿದು ಎಲ್ಲವನ್ನೂ ಹೇಳಿದ, ಮುಚ್ಚಿಡದೆ, ಕಣ್ಣು ಮೇಲೆತ್ತದೆ. ಮಗಳು ಕೂಗಾಡುತ್ತಾಳೆಂದು ಕಾದ. ಅವಳು ಗುಂಡಿಯ ಕಾಲನ್ನು ಅವನ ಕೈಯಿಂದ ಬಿಡಿಸಿಕೊಂಡು, ಉಳಿದ ಮೂರು ಸಲ ತಾನೇ ಮಡಿಸಿ ಬಿಚ್ಚಿದಳು. ಎಂಟು. ಒಂಬತ್ತು. ಹತ್ತು.

ಆಮೇಲೆ ಎದ್ದು ಅಡುಗೆಮನೆಯತ್ತ ತಿರುಗಿ ಕೇಳಿದಳು. "ಅಮ್ಮ, ನಿಂಗೂ ಗೊತ್ತಿತ್ತಾ?"

"ಅವರೇ ಹೇಳ್ಲಿ ಅಂತ ಕಾಯ್ತಿದ್ದೆ ಕಣೇ," ಎಂದಳು ಅಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತ.

"ಇಷ್ಟು ದಿನ ನಾನು ಬಾಯಿಗೆ ಬಂದ ಹಾಗೆ ಶಾಪ ಹಾಕ್ತಿದ್ನಲ್ಲಮ್ಮ. ಅಪ್ಪಂಗೇ ಹಾಕ್ತಿದ್ದೆ. ಒಂದಿನಾನಾದ್ರೂ ನನ್ನ ಬಾಯಿ ಮುಚ್ಚಿಸ್ಬಾರ್ದಿತ್ತಾ?"

ಅಮ್ಮ ಒಳಗೆ ಹೋಗಿ ಒಲೆ ಆರಿಸಿದಳು.

ಸೋಮವಾರ ಮಗಳು ಔಷಧಿ ಅಂಗಡಿಗೆ ಹೋದಳು. ಯಾಕೆ ಹೋದಳೋ, ಅಪ್ಪ ಹೇಳಿದ್ದನ್ನು ಕಣ್ಣಾರೆ ನೋಡಿದ ಹೊರತು ನಂಬಲಾಗಲಿಲ್ಲವೋ. ಐದೇ ನಿಮಿಷಕ್ಕೆ ವಾಪಸು ಬಂದು ಬಾಗಿಲಲ್ಲೇ ನಿಂತಳು.

"ಆ ಕ್ಯಾಮೆರಾ ಕೆಟ್ಟು ಒಂದು ವರ್ಷ ಆಯ್ತಂತೆ. ಕಳ್ಳರು ಹೆದರ್ಲಿ ಅಂತ ಹಾಗೇ ಬಿಟ್ಟಿದಾರಂತೆ." ಚಪ್ಪಲಿ ಬಿಡದೆಯೇ ಕೇಳಿದಳು: "ಇದು ಮೊದ್ಲೇ ಗೊತ್ತಿದ್ದಿದ್ರೆ ನೀನು ಹೇಳ್ತಿದ್ಯಾ?"

ಹೇಳುತ್ತಿದ್ದೆ ಎನ್ನುವ ಮಾತು ಅವನ ಬಾಯಿಯವರೆಗೆ ಬಂತು. ಆದರೆ ಇನ್ನೊಂದು ಸುಳ್ಳು ಹೇಳಲು ಅವನಲ್ಲಿ ಶಕ್ತಿ ಉಳಿದಿರಲಿಲ್ಲ.

"ಗೊತ್ತಿಲ್ಲ," ಎಂದ.

ಅಂದಿನಿಂದ ಮಗಳು ಅವನಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಗುಂಡಿಯ ಚಾಕರಿಯನ್ನೆಲ್ಲ ತಾನೇ ಮೈಮೇಲೆ ಹಾಕಿಕೊಂಡಳು. ಮಾತ್ರೆ, ದುಪ್ಪಟಿ, ವ್ಯಾಯಾಮ, ಯಾವುದಕ್ಕೂ ಅವನನ್ನು ಹತ್ತಿರ ಸೇರಿಸಲಿಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಂಗಡಿಯಿಂದ ಓಡಿಬಂದು, ಏದುಸಿರು ಬಿಡುತ್ತಲೇ ಮಗ್ಗುಲು ಬದಲಿಸಿ ಓಡುತ್ತಿದ್ದಳು. ಒಂದು ಕೆಲಸ ಮಾತ್ರ ಅವಳೊಬ್ಬಳ ಕೈಯಲ್ಲಿ ಆಗುತ್ತಿರಲಿಲ್ಲ. ಗುಂಡಿ ಇಪ್ಪತ್ತೆಂಟು ಕೆಜಿ. ಹೊರಗೆ ಕರೆದೊಯ್ಯಬೇಕಾದರೆ ಹೊಟ್ಟೆಯ ಕೆಳಗೆ ಟವೆಲು ತೂರಿಸಿ, ಇಬ್ಬರು ಎರಡು ಕಡೆ ಹಿಡಿದು, ಒಂದೇ ಮಟ್ಟಕ್ಕೆ ಎತ್ತಬೇಕು. ಒಂದು ಕಡೆ ವಾಲಿದರೂ ಸೊಂಟಕ್ಕೆ ಏಟು. ಅಮ್ಮನಿಗೆ ದಿನವಿಡೀ ಇಸ್ತ್ರಿ ಹಿಡಿದು ಭುಜ ಬಿದ್ದುಹೋಗಿತ್ತು.

ಹಾಗಾಗಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಪ್ಪ ಮಗಳು ಟವೆಲಿನ ಎರಡು ತುದಿ ಹಿಡಿಯುತ್ತಿದ್ದರು. ಅವಳು "ಒಂದು, ಎರಡು, ಮೂರು" ಎನ್ನುತ್ತಿದ್ದಳು. ದಿನಕ್ಕೆ ಅವನಿಗೆ ಸಿಗುತ್ತಿದ್ದ ಮಾತು ಅಷ್ಟೇ. ಅಂಗಳದಲ್ಲಿ ಗುಂಡಿ ತನ್ನ ಕೆಲಸ ಮುಗಿಸುವವರೆಗೆ ಇಬ್ಬರೂ ಬಗ್ಗಿಕೊಂಡೇ ನಿಂತಿರುತ್ತಿದ್ದರು, ತಲೆಗೆ ತಲೆ ತಾಗುವಷ್ಟು ಹತ್ತಿರ. ಅವನಿಗೆ ಮಗಳ ಉಸಿರು ಕೇಳುತ್ತಿತ್ತು.

ಆರು ವಾರವಾದ ಮೇಲೆ ಎಕ್ಸ್‌ರೇ ತೆಗೆದರು. ಮೂಳೆಗಳು ಚೆನ್ನಾಗಿ ಕೂಡಿದ್ದವು. ಆದರೆ ಬಲಗಾಲಿಗೆ ಜೀವ ಬಂದಿರಲಿಲ್ಲ. ಡಾಕ್ಟರು ಬೆರಳ ಸಂದಿಯನ್ನು ಇಕ್ಕಳದಿಂದ ಒತ್ತಿ ಹಿಡಿದರೂ ಗುಂಡಿ ಹಿಂತಿರುಗಿ ನೋಡಲಿಲ್ಲ. ಟವೆಲಿನಲ್ಲಿ ಹಿಡಿದು ಅಂಗಳಕ್ಕೆ ತರುವಾಗಲೆಲ್ಲ ಪಾದದ ಮೇಲ್ಭಾಗ ನೆಲಕ್ಕೆ ಉಜ್ಜಿ ಉಜ್ಜಿ ಹಸಿ ಗಾಯವಾಗಿತ್ತು.

"ಇದನ್ನ ಇಟ್ಕೊಂಡ್ರೆ ದಿನಾ ಹುಣ್ಣು, ದಿನಾ ಸೋಂಕು. ತೆಗೆದುಬಿಡೋದೇ ಒಳ್ಳೇದು," ಎಂದರು ಡಾಕ್ಟರು. ಒಪ್ಪಿಗೆಯ ಕಾಗದವನ್ನು ಮಗಳ ಮುಂದೆ ಇಟ್ಟರು. ನಾಯಿ ಅವಳದು.

ಮಗಳು ಪೆನ್ನು ಹಿಡಿದು ಕಾಗದವನ್ನು ಎರಡು ಸಲ ಓದಿದಳು. ಆಮೇಲೆ ಅದನ್ನು ಅಪ್ಪನ ಕಡೆಗೆ ತಳ್ಳಿದಳು.

"ಅವರು ಸೈನ್ ಮಾಡ್ತಾರೆ."

ಅವನು ಮಾಡಿದ. ಸಹಿ ವಕ್ರವಾಗಿ ಬಂತು.

ಮತ್ತೆ ಮಗುಚಿಟ್ಟ ಮೇಜು, ಮತ್ತೆ ಕೊಳವೆ, ಮತ್ತೆ ದುಪ್ಪಟಿ. ಈ ಸಲ ಗುಂಡಿ ಬೇಗ ಚೇತರಿಸಿಕೊಂಡಿತು. ಹೊಲಿಗೆ ಬಿಚ್ಚುವ ಮೊದಲೇ ಮೂರು ಕಾಲಲ್ಲಿ ಎದ್ದು ನಿಂತು, ವಾಲಿ ಬಿದ್ದು, ಮತ್ತೆ ಎದ್ದಿತು. ನೆಗೆಯಲಾಗದು, ಓಡಲಾಗದು. ಗೇಟಿನವರೆಗೆ ಕುಂಟುತ್ತ ಹೋಗಿ ಬರುವಷ್ಟರಲ್ಲಿ ನಾಲಿಗೆ ಹೊರಗೆ ಬರುತ್ತಿತ್ತು. ವ್ಯಾನಿನ ಕೆಳಗೆ ಮಾತ್ರ ಅದು ಮತ್ತೆ ಮಲಗಲಿಲ್ಲ. ಮಲಗಲು ವ್ಯಾನೂ ಅಲ್ಲಿರಲಿಲ್ಲ. ಅವನು ಶಾಲೆಗೆ ಕೀಲಿ ಒಪ್ಪಿಸಿಬಿಟ್ಟಿದ್ದ. "ಕೈ ನಡುಗುತ್ತೆ ಸಾರ್, ನಿಮ್ಮ ಮಕ್ಕಳನ್ನ ನನ್ನ ಕೈಗೆ ಕೊಡ್ಬೇಡಿ" ಎಂದಾಗ ಹೆಡ್ ಮಾಸ್ಟರು ನಿವೃತ್ತಿಯ ವಯಸ್ಸಾಯಿತೆಂದೇ ತಿಳಿದು, ಗೇಟಿನ ಬಳಿ ಕೂರುವ ಕೆಲಸ ಕೊಟ್ಟರು. ಹೊಸ ಡ್ರೈವರು ಚುರುಕಿನವನು. ವ್ಯಾನು ಬುರ್ರೆಂದು ತಿರುಗಿ ಒಳಗೆ ಬಂದಾಗ ಮಕ್ಕಳು ಖುಷಿಯಿಂದ ಕೂಗುತ್ತಿದ್ದರು. ಆಮೆ ಮಾಮ ಎದ್ದು ನಿಂತು ಗೇಟು ಹಿಡಿದುಕೊಳ್ಳುತ್ತಿದ್ದ.

ಕನ್ನಡಕದ ಅಂಗಡಿಯವರು ಬೇರೆ ಊರಿನಲ್ಲಿ ಇನ್ನೊಂದು ಅಂಗಡಿ ತೆರೆದಿದ್ದರು. ಗುಂಡಿಯನ್ನು ಬಿಟ್ಟಿರಲಾರೆ ಎಂದು ಮಗಳು ಹಿಂದೊಮ್ಮೆ ಒಲ್ಲೆ ಎಂದಿದ್ದಳು. ಈಗ ಹೋಗುತ್ತೇನೆ ಎಂದಳು. ಅವಳಿಗೆ ಸಿಕ್ಕ ಕೋಣೆಯಲ್ಲಿ ನಾಯಿ ಸಾಕುವ ಹಾಗಿರಲಿಲ್ಲ. ಹೊರಡುವ ದಿನ ಗುಂಡಿಯ ಪಕ್ಕ ನೆಲದ ಮೇಲೆ ಮಲಗಿ, ಅದರ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡು ಒಂದು ಗಂಟೆ ಇದ್ದಳು. ಅಪ್ಪನಿಗೆ, "ಕಾಲು ತೆಗೆದಿರೋ ಕಡೆ ಒತ್ತಿ ಮಲಗೋಕೆ ಬಿಡಬೇಡ" ಎಂದಷ್ಟೇ ಹೇಳಿ ಬ್ಯಾಗು ಎತ್ತಿಕೊಂಡಳು. ಅಮ್ಮ ಬಸ್ಸಿನವರೆಗೆ ಹೋಗಿ ಬಂದಳು.

ಅವಳು ಹೋದ ಮಾರನೆಯ ಸಂಜೆ ಫೋನು ಬಂತು. ಅವನ ಫೋನಿಗೇ ಬಂತು. ಅಮ್ಮ ಇನ್ನೂ ಇಸ್ತ್ರಿ ಅಂಗಡಿಯಲ್ಲಿದ್ದ ಹೊತ್ತು.

"ಊಟ ಮಾಡಿದ್ಲಾ?"

"ಮಾಡಿದ್ಲು."

"ನಡೆದ್ಲಾ?"

"ಗೇಟಿನವರೆಗೆ."

"ಅವಳ ಕಿವಿ ಹತ್ರ ಹಿಡಿ," ಎಂದಳು.

ಅವನು ನೆಲದ ಮೇಲೆ ಕೂತು ಫೋನನ್ನು ಗುಂಡಿಯ ಕಿವಿಗೆ ಹಿಡಿದ. ಗುಂಡಿ ತಲೆ ಓರೆ ಮಾಡಿ ಆ ಪೆಟ್ಟಿಗೆಯೊಳಗಿನ ದನಿಗೆ ಬಾಲ ಬಡಿಯತೊಡಗಿತು. ಮಗಳು ಹೇಳುತ್ತಿದ್ದಳು. ಕೋಣೆಯ ಕಿಟಕಿ ಗೋಡೆಯ ಕಡೆಗೇ ತೆರೆಯುತ್ತಂತೆ. ಹೊಸ ಅಂಗಡಿಯಲ್ಲಿ ಇನ್ನೂ ಯಾರೂ ಮಾತಾಡಿಸಿಲ್ಲವಂತೆ. ಮಧ್ಯಾಹ್ನ ಊಟ ಸೇರಲಿಲ್ಲವಂತೆ. ಸ್ವಲ್ಪ ಜ್ವರ ಬಂದ ಹಾಗಿದೆಯಂತೆ, ಅಮ್ಮನಿಗೆ ಹೇಳಿದರೆ ಗಾಬರಿಯಾಗುತ್ತಾಳಂತೆ.

ಫೋನಿನ ದನಿ ಅಷ್ಟು ಹತ್ತಿರದಲ್ಲಿ ಕೂತವನಿಗೆ ಕೇಳಿಸುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಅವನು ಯೋಚಿಸಲು ಹೋಗಲಿಲ್ಲ. ಮಾತು ಮುಗಿಯುತ್ತಲೇ ಅವಳು ಫೋನು ಇಟ್ಟುಬಿಟ್ಟಳು. ಅವನಿಗೆ 'ಇಡ್ತೀನಿ' ಎಂದೂ ಅನ್ನಲಿಲ್ಲ.

ಆಮೇಲೆ ದಿನವೂ ಸಂಜೆ ಹೀಗೇ ನಡೆಯಿತು. ಕೆಲವು ದಿನ ಮಾತು ಅರ್ಧ ಗಂಟೆ ಸಾಗುತ್ತಿತ್ತು. ಚಾಚಿದ ಅವನ ತೋಳು ಸೇದಿಹೋಗಿ ಬೆರಳು ಮರಗಟ್ಟುತ್ತಿತ್ತು. ಅವನು ಕೈ ಬದಲಿಸುತ್ತಿರಲಿಲ್ಲ. ಕೆಮ್ಮು ಬಂದರೂ ನುಂಗಿಕೊಂಡು, ಉಸಿರಿನ ಸದ್ದು ಆ ಕಡೆ ಕೇಳಿಸದಂತೆ ಮುಖವನ್ನು ಪಕ್ಕಕ್ಕೆ ತಿರುಗಿಸಿ ಕೂತಿರುತ್ತಿದ್ದ.